ಮೂತ್ರಕೋಶದ ಕ್ಯಾನ್ಸರ್‌ನಲ್ಲಿ ಗಡ್ಡೆ ನಿಗ್ರಹಕ ಜೀನ್‌ಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಮೂತ್ರದಲ್ಲಿ ನೋವಿಲ್ಲದೆ ರಕ್ತ ಕಾಣಿಸಿಕೊಂಡವರಿಗೆ ಸಿಸ್ಟೋಸ್ಕೋಪಿ (ಮೂತ್ರಕೋಶದೊಳಗೆ ಕೊಳವೆ ತೂರಿಸಿ ನೋಡುವ ಪರೀಕ್ಷೆ) ಮಾಡಿ, ಒಳಗೆ ಕಂಡ ಗಡ್ಡೆಯನ್ನು ಕೆರೆದು ತೆಗೆದು, ಅದರ ಚೂರುಗಳನ್ನು ಪೆಥಾಲಜಿ ಪ್ರಯೋಗಾಲಯಕ್ಕೆ ಕಳುಹಿಸುವುದು ವಾಡಿಕೆ. ಕೆಲವು ದಿನಗಳ ನಂತರ ಕೈಗೆ ಬರುವ ವರದಿಯಲ್ಲಿ ಗಡ್ಡೆಯ ದರ್ಜೆ ಮತ್ತು ಆಳದ ಜೊತೆಗೆ ಪಿ53, ಪಿ16, ಆರ್‌ಬಿ ಮುಂತಾದ ಹೆಸರುಗಳೂ ಈಗೀಗ ಕಾಣಿಸುತ್ತವೆ. ರೋಗಿಗಳು, ಮನೆಯವರು ಮತ್ತು ವೈದ್ಯಕೀಯ ವಿದ್ಯಾರ್ಥಿಗಳು ಈ ಹೆಸರುಗಳ ಬಗ್ಗೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಗಳಿವೆ. ಚಿಕಿತ್ಸೆಯ ನಿರ್ಧಾರವನ್ನು ಮಾತ್ರ ರೋಗಿಯನ್ನು ಕಣ್ಣಾರೆ ನೋಡಿದ ಯೂರಾಲಜಿಸ್ಟ್ ಅಥವಾ ಕ್ಯಾನ್ಸರ್ ತಜ್ಞರೇ ಕೈಗೊಳ್ಳಬೇಕು.

ಗಡ್ಡೆ ನಿಗ್ರಹಕ ಜೀನ್ ಎಂದರೇನು?

ಜೀವಕೋಶವು ಯಾವಾಗ ವಿಭಜನೆಗೊಳ್ಳಬೇಕು, ಯಾವಾಗ ನಿಲ್ಲಬೇಕು, ಡಿಎನ್‌ಎ ಹಾಳಾದಾಗ ದುರಸ್ತಿ ಮಾಡಿಕೊಳ್ಳಬೇಕೋ ಸಾಯಬೇಕೋ ಎಂಬುದನ್ನು ಹತೋಟಿಯಲ್ಲಿಡುವ ಪ್ರೋಟೀನುಗಳನ್ನು ತಯಾರಿಸುವ ಜೀನ್‌ಗಳಿಗೆ ಈ ಹೆಸರು. ಕೆರೆಯ ತೂಬನ್ನು ಎಷ್ಟು ಎತ್ತಬೇಕು, ಯಾವಾಗ ಮುಚ್ಚಬೇಕು ಎಂದು ನೋಡಿಕೊಳ್ಳುವ ನೀರುಗಂಟಿಯ ಕೆಲಸ ಇವುಗಳದು. ಆತ ಇಲ್ಲವಾದ ದಿನವೇ ಗದ್ದೆ ಕೊಚ್ಚಿಹೋಗುವುದಿಲ್ಲ, ಆದರೆ ಮುಂದೆ ನೀರು ನುಗ್ಗಿದಾಗ ತಡೆಯುವವರು ಯಾರೂ ಇರುವುದಿಲ್ಲ.

ಇವುಗಳ ಎದುರು ಬದಿಯಲ್ಲಿರುವುದು ಕೋಶವನ್ನು ಬೆಳೆಯುವಂತೆ ತಳ್ಳುವ ಆಂಕೋಜೀನ್‌ಗಳು. ಮನುಷ್ಯರಲ್ಲಿ ಮೊತ್ತಮೊದಲು ಗುರುತಿಸಲಾದ ಆಂಕೋಜೀನ್ ಸಿಕ್ಕಿದ್ದು ಮೂತ್ರಕೋಶದ ಕ್ಯಾನ್ಸರ್ ಕೋಶಗಳಲ್ಲಿಯೇ: 1982ರಲ್ಲಿ, ಟಿ24 ಎಂಬ ಕೋಶಸಂತತಿಯ ಎಚ್‌ರ‍್ಯಾಸ್ ಜೀನಿನಲ್ಲಿ, ಒಂದೇ ಒಂದು ಅಕ್ಷರ ಬದಲಾದದ್ದರಿಂದ. ಹೀಗಿದ್ದರೂ ಈ ರೋಗದ ಗತಿಯನ್ನು ತೀರ್ಮಾನಿಸುವುದರಲ್ಲಿ ತಳ್ಳುವ ಜೀನ್‌ಗಳಿಗಿಂತ ತಡೆಯುವ ಜೀನ್‌ಗಳ ನಷ್ಟವೇ ಹೆಚ್ಚು ಮುಖ್ಯವೆಂಬುದು ನಂತರದ ದಶಕಗಳಲ್ಲಿ ಸ್ಪಷ್ಟವಾಯಿತು.

ಒಂದು ಪ್ರತಿ ಕೆಟ್ಟರೆ ಸಾಕೇ, ಎರಡೂ ಕೆಡಬೇಕೇ?

ಪ್ರತಿಯೊಂದು ಜೀನಿನ ಎರಡು ಪ್ರತಿಗಳು ನಮ್ಮಲ್ಲಿರುತ್ತವೆ, ತಾಯಿಯಿಂದ ಒಂದು, ತಂದೆಯಿಂದ ಒಂದು. ಮಕ್ಕಳ ಕಣ್ಣಿನಲ್ಲಿ ಬರುವ ರೆಟಿನೋಬ್ಲಾಸ್ಟೋಮಾ ಎಂಬ ಗಡ್ಡೆಯನ್ನು ಅಭ್ಯಾಸ ಮಾಡಿದ ಆಲ್‌ಫ್ರೆಡ್ ನಡ್ಸನ್ ಅವರು 1971ರಲ್ಲಿ, ಇಂತಹ ಗಡ್ಡೆ ಹುಟ್ಟಲು ಎರಡು ಪೆಟ್ಟು ಬೀಳಬೇಕೆಂದು ಅಂಕಿಅಂಶಗಳ ಆಧಾರದ ಮೇಲೆ ವಾದಿಸಿದರು. ಆ ಜೀನ್, ಅಂದರೆ ಆರ್‌ಬಿ1, ಕೈಗೆ ಸಿಕ್ಕಿದ್ದು 1986ರಲ್ಲಿ, ಮತ್ತು ಅದೇ ಜೀನ್ ಮೂತ್ರಕೋಶದ ಕ್ಯಾನ್ಸರ್‌ನಲ್ಲಿಯೂ ಮುಖ್ಯ ಪಾತ್ರ ವಹಿಸುತ್ತದೆಂದು ಆಮೇಲೆ ತಿಳಿದುಬಂತು.

ಪೆಟ್ಟುಗಳು ಒಂದೇ ಬಗೆಯವಾಗಿರಬೇಕೆಂದಿಲ್ಲ. ಒಂದು ಪ್ರತಿಯಲ್ಲಿ ಸಣ್ಣ ಮ್ಯುಟೇಶನ್, ಅಂದರೆ ಜೀನಿನ ಬರಹದಲ್ಲಿ ಬದಲಾವಣೆ, ಆಗಿ, ಇನ್ನೊಂದು ಪ್ರತಿ ಇರುವ ಕ್ರೋಮೋಸೋಮಿನ ತುಂಡೇ ಕಳಚಿಹೋಗಬಹುದು. ಎರಡೂ ಪ್ರತಿಗಳು ಪೂರ್ತಿಯಾಗಿ ಅಳಿಸಿಹೋಗಬಹುದು. ಅಥವಾ ಜೀನ್ ಇದ್ದ ಹಾಗೆಯೇ ಇದ್ದು, ಅದರ ಆರಂಭದ ಭಾಗಕ್ಕೆ ಮೀಥೈಲ್ ಗುಂಪುಗಳು ಅಂಟಿಕೊಂಡು ಅದು ಮೌನವಾಗಬಹುದು.

ಎರಡು ಪೆಟ್ಟಿನ ನಿಯಮಕ್ಕೆ ಎರಡು ಅಪವಾದಗಳನ್ನು ಇಲ್ಲಿಯೇ ಹೇಳಬೇಕು. ಪಿ53 ಪ್ರೋಟೀನು ನಾಲ್ಕು ನಾಲ್ಕಾಗಿ ಜೋಡಿಕೊಂಡು ಕೆಲಸ ಮಾಡುವುದರಿಂದ, ಕೆಟ್ಟ ಪ್ರತಿಯಿಂದ ಬಂದ ಪ್ರೋಟೀನು ಒಳ್ಳೆಯದರ ಜೊತೆ ಸೇರಿ ಇಡೀ ಜೋಡಣೆಯನ್ನೇ ನಿಷ್ಫಲಗೊಳಿಸಬಲ್ಲದು. ಇನ್ನು ಎಕ್ಸ್ ಕ್ರೋಮೋಸೋಮಿನ ಮೇಲಿರುವ ಸ್ಟ್ಯಾಗ್2 ಎಂಬ ಜೀನ್ ಗಂಡಸರಲ್ಲಿ ಒಂದೇ ಇರುತ್ತದೆ, ಹೆಂಗಸರಲ್ಲಿ ಎರಡಿದ್ದರೂ ಒಂದು ನಿಷ್ಕ್ರಿಯವಾಗಿರುತ್ತದೆ. ಆದ್ದರಿಂದ ಅಲ್ಲಿ ಒಂದೇ ಪೆಟ್ಟು ಸಾಕು.

ಎಲ್ಲ ಮೂತ್ರಕೋಶದ ಕ್ಯಾನ್ಸರ್‌ಗಳಲ್ಲಿಯೂ ಒಂದೇ ಜೀನ್‌ಗಳು ಕೆಡುತ್ತವೆಯೇ?

ಇಲ್ಲ, ಮತ್ತು ಈ ಪುಟದ ಮುಖ್ಯ ವಿಷಯವೇ ಇದು. ಮೂತ್ರಕೋಶದ ಒಳಪದರದಿಂದ ಹುಟ್ಟುವ ಯೂರೋಥೀಲಿಯಲ್ ಕಾರ್ಸಿನೋಮಾ ಮೇಲ್ನೋಟಕ್ಕೆ ಒಂದೇ ರೋಗವಾದರೂ ಜೀನ್‌ಗಳ ಮಟ್ಟದಲ್ಲಿ ಎರಡು ದಾರಿಗಳಲ್ಲಿ ಸಾಗುತ್ತದೆ. ಪತ್ತೆಯಾಗುವ ಹೊತ್ತಿಗೆ ಸುಮಾರು ಮುಕ್ಕಾಲು ಪಾಲು ಗಡ್ಡೆಗಳು ಸ್ನಾಯುಪದರಕ್ಕೆ ಇಳಿದಿರುವುದಿಲ್ಲ. ಇವುಗಳಲ್ಲಿ ಕೆಳದರ್ಜೆಯವು ಕುಚ್ಚಿನಂತೆ ಒಳಮುಖವಾಗಿ ಬೆಳೆಯುತ್ತವೆ, ತೆಗೆದ ಮೇಲೆ ಮತ್ತೆ ಮತ್ತೆ ಹುಟ್ಟುತ್ತವೆ, ಆದರೆ ಆಳಕ್ಕೆ ಇಳಿಯುವುದು ಕಡಿಮೆ. ಅವುಗಳಲ್ಲಿ ಎಫ್‌ಜಿಎಫ್‌ಆರ್3 ಎಂಬ ಆಂಕೋಜೀನಿನ ಮ್ಯುಟೇಶನ್ನೂ 9ನೇ ಕ್ರೋಮೋಸೋಮಿನ ಭಾಗಗಳ ನಷ್ಟವೂ ಸಾಮಾನ್ಯ, ಪಿ53 ಮಾತ್ರ ಹೆಚ್ಚಾಗಿ ಸುಸ್ಥಿತಿಯಲ್ಲಿರುತ್ತದೆ.

ಇನ್ನೊಂದು ದಾರಿ ಒಳಪದರದಲ್ಲಿ ಚಪ್ಪಟೆಯಾಗಿ, ಕೆಂಪು ಮಚ್ಚೆಯ ಹಾಗೆ ಹರಡುವ ಕಾರ್ಸಿನೋಮಾ ಇನ್ ಸಿಟು ಎಂಬ ಹಂತದಿಂದ ಹೊರಡುತ್ತದೆ. ಅಲ್ಲಿ ಪಿ53 ಆರಂಭದಲ್ಲಿಯೇ ಕೆಟ್ಟಿರುತ್ತದೆ. ಆರ್‌ಬಿಯಂತಹ ಇತರ ಜೀನ್‌ಗಳ ನಷ್ಟವೂ ಸೇರಿಕೊಂಡಂತೆ ರೋಗ ಸ್ನಾಯುವಿಗೆ ಇಳಿಯುತ್ತದೆ. ಈ ಎರಡು ದಾರಿಗಳ ನಡುವೆ ಗೋಡೆಯೇನೂ ಇಲ್ಲ. ಎಫ್‌ಜಿಎಫ್‌ಆರ್3 ಮ್ಯುಟೇಶನ್ ಇರುವ ಸಾಧು ಗಡ್ಡೆಯೂ ಸಿಡಿಕೆಎನ್2ಎ ಜೀನಿನ ಎರಡೂ ಪ್ರತಿಗಳನ್ನು ಕಳೆದುಕೊಂಡಾಗ ಸ್ನಾಯುವಿನ ಕಡೆಗೆ ತಿರುಗುವ ಸಂಭವ ಹೆಚ್ಚು ಎಂದು 2012ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿದೆ.

9ನೇ ಕ್ರೋಮೋಸೋಮಿನಲ್ಲಿ ಅಂಥದ್ದೇನಿದೆ?

ಎಲ್ಲ ದರ್ಜೆಯ, ಎಲ್ಲ ಹಂತದ ಗಡ್ಡೆಗಳನ್ನು ಒಟ್ಟಿಗೆ ತೆಗೆದುಕೊಂಡರೂ ಅರ್ಧಕ್ಕಿಂತ ಹೆಚ್ಚಿನವುಗಳಲ್ಲಿ 9ನೇ ಕ್ರೋಮೋಸೋಮಿನ ಒಂದಲ್ಲ ಒಂದು ಭಾಗ ಕಾಣೆಯಾಗಿರುತ್ತದೆ. ಗಡ್ಡೆಯ ಪಕ್ಕದ ಒಳಪದರದಲ್ಲಿಯೂ ಈ ನಷ್ಟ ಕಂಡುಬರುವುದರಿಂದ ಇದು ರೋಗದ ಬಹಳ ಮುಂಚಿನ ಹೆಜ್ಜೆಯೆಂದು ತಿಳಿಯಲಾಗಿದೆ.

ಈ ಕ್ರೋಮೋಸೋಮಿನ ಗಿಡ್ಡ ತೋಳಿನಲ್ಲಿ ಸಿಡಿಕೆಎನ್2ಎ ಇದೆ. ಒಂದೇ ಜೀನಿನ ಜಾಗದಿಂದ, ಓದುವ ಚೌಕಟ್ಟು ಬದಲಾಗುವ ಮೂಲಕ, ಪಿ16 ಮತ್ತು ಪಿ14ಎಆರ್‌ಎಫ್ ಎಂಬ ಎರಡು ಬೇರೆ ಬೇರೆ ಪ್ರೋಟೀನುಗಳು ತಯಾರಾಗುತ್ತವೆ. ಪಿ16 ಆರ್‌ಬಿಯ ಬೆಂಬಲಕ್ಕೆ ನಿಂತರೆ, ಪಿ14ಎಆರ್‌ಎಫ್ ಪಿ53ರ ಬೆಂಬಲಕ್ಕೆ ನಿಲ್ಲುತ್ತದೆ. ಆದ್ದರಿಂದ ಇಲ್ಲಿ ಒಂದು ಸಣ್ಣ ತುಂಡು ಕಳಚಿಹೋದರೆ ಕೋಶದ ಎರಡು ದೊಡ್ಡ ಕಾವಲುಗಳೂ ಒಟ್ಟಿಗೆ ಬಲಗುಂದುತ್ತವೆ. ಕ್ಯಾನ್ಸರ್ ಜೀವಶಾಸ್ತ್ರದಲ್ಲಿ ಇದಕ್ಕಿಂತ ಅಗ್ಗದ ನಷ್ಟಕ್ಕೆ ಇಷ್ಟು ದುಬಾರಿ ಪರಿಣಾಮ ಇನ್ನೆಲ್ಲಿಯೂ ಇಲ್ಲವೆಂದೇ ಹೇಳಬೇಕು.

ಉದ್ದ ತೋಳಿನ ತುದಿಯ ಕಡೆ ಟಿಎಸ್‌ಸಿ1 ಇದೆ. ಪೋಷಕಾಂಶ ಮತ್ತು ಬೆಳವಣಿಗೆಯ ಸೂಚನೆಗಳಿಗೆ ಓಗೊಡುವ ಎಂಟಾರ್ ಎಂಬ ವ್ಯವಸ್ಥೆಯನ್ನು ಅದು ಹದ್ದುಬಸ್ತಿನಲ್ಲಿಡುತ್ತದೆ. ಅದೇ ತೋಳಿನಲ್ಲಿ ಪಿಟಿಸಿಎಚ್1 ಎಂಬ ಮತ್ತೊಂದು ನಿಗ್ರಹಕವೂ ಇದೆ.

ಪಿ53 ಮತ್ತು ಆರ್‌ಬಿ ನಿಜವಾಗಿ ಏನು ಮಾಡುತ್ತವೆ?

ಮೊದಲು ಆರ್‌ಬಿ. ಕೋಶವು ವಿಭಜನೆಗೆ ಬೇಕಾದ ಜೀನ್‌ಗಳನ್ನು ಚಾಲೂ ಮಾಡಲು ಇ2ಎಫ್ ಎಂಬ ಪ್ರೋಟೀನುಗಳ ಗುಂಪನ್ನು ಬಳಸುತ್ತದೆ, ಮತ್ತು ಆರ್‌ಬಿ ಅವುಗಳನ್ನು ಹಿಡಿದಿಟ್ಟುಕೊಂಡಿರುತ್ತದೆ. ಬೆಳೆಯುವ ಸೂಚನೆ ಬಂದಾಗ ಸಿಡಿಕೆ4 ಮತ್ತು ಸಿಡಿಕೆ6 ಎಂಬ ಕಿಣ್ವಗಳು ಆರ್‌ಬಿಗೆ ಫಾಸ್ಫೇಟ್ ಅಂಟಿಸುತ್ತವೆ, ಹಿಡಿತ ಸಡಿಲವಾಗುತ್ತದೆ, ಇ2ಎಫ್ ಬಿಡುಗಡೆಯಾಗುತ್ತದೆ, ಕೋಶ ತನ್ನ ಡಿಎನ್‌ಎಯನ್ನು ನಕಲು ಮಾಡಲು ತೊಡಗುತ್ತದೆ. ಪಿ16 ಆ ಕಿಣ್ವಗಳನ್ನು ತಡೆಯುತ್ತದೆ. ಈ ಸರಪಳಿಯಲ್ಲಿ ಯಾವ ಕೊಂಡಿ ಕಳಚಿದರೂ ಫಲಿತಾಂಶ ಒಂದೇ ಆದ್ದರಿಂದ, ಪಿ16 ಇಲ್ಲದ ಗಡ್ಡೆಯಲ್ಲಿ ಸಾಮಾನ್ಯವಾಗಿ ಆರ್‌ಬಿ ಉಳಿದಿರುತ್ತದೆ, ಆರ್‌ಬಿ ಇಲ್ಲದ ಗಡ್ಡೆಯಲ್ಲಿ ಪಿ16 ಪ್ರೋಟೀನು ರಾಶಿ ಬಿದ್ದಿರುತ್ತದೆ. ಮೂತ್ರಕೋಶದ ಗಡ್ಡೆಗಳಲ್ಲಿ 6ನೇ ಕ್ರೋಮೋಸೋಮಿನ ಮೇಲಿನ ಇ2ಎಫ್3 ಜೀನಿನ ಪ್ರತಿಗಳು ಹೆಚ್ಚಾಗಿರುವುದೂ ಉಂಟು, ಮತ್ತು ಅಂತಹ ಗಡ್ಡೆಗಳಲ್ಲಿ ಆರ್‌ಬಿ ಅಥವಾ ಪಿ16 ನಷ್ಟವಾಗಿರುವುದು ಕಂಡುಬರುತ್ತದೆ.

ಪಿ53ರ ಕಥೆ ಇನ್ನೂ ಉದ್ದವಾದುದು. 1979ರಲ್ಲಿ ಪತ್ತೆಯಾದ ಈ ಪ್ರೋಟೀನನ್ನು ಹತ್ತು ವರ್ಷಗಳ ಕಾಲ ಆಂಕೋಜೀನಿನ ಉತ್ಪನ್ನವೆಂದೇ ತಿಳಿಯಲಾಗಿತ್ತು, ಏಕೆಂದರೆ ಪ್ರಯೋಗಾಲಯಗಳಲ್ಲಿ ಬಳಸುತ್ತಿದ್ದ ಪ್ರತಿಗಳೇ ಮ್ಯುಟೇಶನ್ ಆದವಾಗಿದ್ದವು. ಅದು ನಿಗ್ರಹಕವೆಂದು 1989ರ ಹೊತ್ತಿಗೆ ಖಚಿತವಾಯಿತು. ಡೇವಿಡ್ ಲೇನ್ ಅವರು 1992ರಲ್ಲಿ ಅದನ್ನು ಜೀನೋಮಿನ ಕಾವಲುಗಾರನೆಂದು ಕರೆದರು. ಡಿಎನ್‌ಎಗೆ ಹಾನಿಯಾದಾಗ ಕೋಶದಲ್ಲಿ ಪಿ53 ಪ್ರಮಾಣ ಏರುತ್ತದೆ. ಅದು ಪಿ21 ಎಂಬ ಪ್ರೋಟೀನಿನ ಜೀನನ್ನು ಎಬ್ಬಿಸಿ ವಿಭಜನೆಯನ್ನು ತಡೆಹಿಡಿಯುತ್ತದೆ. ಹಾನಿ ದುರಸ್ತಿಗೆ ಮೀರಿದ್ದರೆ ಕೋಶವನ್ನು ಸಾವಿನ ಕಡೆಗೆ ಕಳುಹಿಸುತ್ತದೆ. ಹಾನಿ ಇಲ್ಲದಿರುವಾಗ ಎಂಡಿಎಂ2 ಎಂಬ ಪ್ರೋಟೀನು ಪಿ53ನ್ನು ನಾಶಕ್ಕೆ ಗುರುತು ಮಾಡುತ್ತಿರುತ್ತದೆ, ಮತ್ತು ಆ ಎಂಡಿಎಂ2ಗೆ ಕಡಿವಾಣ ಹಾಕುವುದೇ ಮೇಲೆ ಹೇಳಿದ ಪಿ14ಎಆರ್‌ಎಫ್. ಹೀಗಾಗಿ ಪಿ53 ಜೀನ್ ಸರಿಯಿದ್ದೂ ಎಂಡಿಎಂ2 ಅತಿಯಾಗಿ ಬೆಳೆದಿರುವ ಗಡ್ಡೆಯಲ್ಲಿ ಪಿ53 ಕೆಲಸಕ್ಕೆ ಬಾರದೆ ಹೋಗುತ್ತದೆ.

ಅಮೆರಿಕದ ಕ್ಯಾನ್ಸರ್ ಜೀನೋಮ್ ಅಟ್ಲಾಸ್ ಯೋಜನೆಯು 2017ರಲ್ಲಿ ಸ್ನಾಯುವಿಗೆ ಇಳಿದ 412 ಗಡ್ಡೆಗಳ ವಿಶ್ಲೇಷಣೆಯನ್ನು ಪ್ರಕಟಿಸಿತು. ಅವುಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಟಿಪಿ53 (ಪಿ53 ಪ್ರೋಟೀನಿನ ಜೀನ್) ಮ್ಯುಟೇಶನ್ ಇತ್ತು, ಸುಮಾರು ಶೇಕಡ 17ರಷ್ಟರಲ್ಲಿ ಆರ್‌ಬಿ1 ಮ್ಯುಟೇಶನ್ ಇತ್ತು. ಪಿ53 ಮತ್ತು ಕೋಶಚಕ್ರದ ಹಾದಿಯನ್ನು ಒಟ್ಟಾಗಿ ನೋಡಿದರೆ ಶೇಕಡ 89ರಷ್ಟು ಗಡ್ಡೆಗಳಲ್ಲಿ ಎಲ್ಲೋ ಒಂದು ಕಡೆ ಅದು ಕೆಟ್ಟಿತ್ತು. ಅಪರೂಪದ, ಆದರೆ ಬಹಳ ಆಕ್ರಮಣಕಾರಿಯಾದ ಸಣ್ಣಕೋಶದ ಮೂತ್ರಕೋಶ ಕ್ಯಾನ್ಸರ್‌ನಲ್ಲಂತೂ ಟಿಪಿ53 ಮತ್ತು ಆರ್‌ಬಿ1 ಎರಡೂ ಒಟ್ಟಿಗೆ ನಷ್ಟವಾಗಿರುವುದು ಹೆಚ್ಚುಕಡಿಮೆ ನಿಯಮವೇ ಆಗಿದೆ.

ವರದಿಯಲ್ಲಿ ಪಿ53 ಪಾಸಿಟಿವ್ ಎಂದಿದೆ. ನಿಗ್ರಹಕ ಪ್ರೋಟೀನು ಇದ್ದರೆ ಒಳ್ಳೆಯದಲ್ಲವೇ?

ಸಹಜವಾಗಿ ಹುಟ್ಟುವ ಗೊಂದಲ ಇದು. ಗಡ್ಡೆಯ ತೆಳುವಾದ ಸೀಳನ್ನು ಗಾಜಿನ ಮೇಲಿಟ್ಟು ಪಿ53ಗೆ ಅಂಟುವ ಪ್ರತಿಕಾಯದಿಂದ ಬಣ್ಣ ಹಾಕಿದಾಗ, ಆರೋಗ್ಯವಂತ ಒಳಪದರದಲ್ಲಿ ಅಲ್ಲೊಂದು ಇಲ್ಲೊಂದು ಕೋಶಕೇಂದ್ರ ತಿಳಿಯಾದ ಕಂದು ಬಣ್ಣಕ್ಕೆ ತಿರುಗಿ ಉಳಿದವು ನೀಲಿಯಾಗಿಯೇ ಇರುತ್ತವೆ, ಏಕೆಂದರೆ ಸಹಜವಾದ ಪಿ53 ತಯಾರಾದ ಸ್ವಲ್ಪ ಹೊತ್ತಿನಲ್ಲಿಯೇ ನಾಶವಾಗುತ್ತದೆ. ಮ್ಯುಟೇಶನ್ ಆದ ಪಿ53 ಹಾಗೆ ನಾಶವಾಗದೆ ಶೇಖರಗೊಳ್ಳುವುದರಿಂದ ಇಡೀ ಗಡ್ಡೆಯ ಕೋಶಕೇಂದ್ರಗಳು ಒಂದೂ ಬಿಡದೆ ಗಾಢ ಕಂದು ಬಣ್ಣದಲ್ಲಿ ಕಾಣುತ್ತವೆ. ಆದ್ದರಿಂದ ಗಾಢವಾದ ಪಾಸಿಟಿವ್ ಎಂದರೆ ಜೀನ್ ಕೆಟ್ಟಿರುವ ಸೂಚನೆ. ಇನ್ನು ಕೆಲವು ಮ್ಯುಟೇಶನ್‌ಗಳಲ್ಲಿ ಪ್ರೋಟೀನು ತಯಾರಾಗುವುದೇ ಇಲ್ಲ. ಆಗ ಗಡ್ಡೆಯಲ್ಲಿ ಬಣ್ಣವೇ ಹಿಡಿಯುವುದಿಲ್ಲ, ಪಕ್ಕದ ಸಹಜ ಕೋಶಗಳಲ್ಲಿ ಮಾತ್ರ ಹಿಡಿಯುತ್ತದೆ. ಪೂರ್ತಿ ಇಲ್ಲದಿರುವುದನ್ನೂ ಪೆಥಾಲಜಿಸ್ಟರು ಅಸಹಜವೆಂದೇ ಎಣಿಸುತ್ತಾರೆ.

ಈ ಪರೀಕ್ಷೆಯಿಂದ ಚಿಕಿತ್ಸೆ ಬದಲಾಗುತ್ತದೆಯೇ ಎಂದರೆ, ಸದ್ಯಕ್ಕೆ ಇದೊಂದರಿಂದಲೇ ಬದಲಾಗುವುದಿಲ್ಲ. ಪಿ53 ಶೇಖರಗೊಂಡ ಗಡ್ಡೆಗಳು ಬೇಗ ಮರುಕಳಿಸುತ್ತವೆಂದು 1994ರ ಹೆಸರಾಂತ ಅಧ್ಯಯನವೊಂದು ತೋರಿಸಿತ್ತು. ಆದರೆ ಅದನ್ನೇ ಆಧಾರವಾಗಿಟ್ಟುಕೊಂಡು, ಮೂತ್ರಕೋಶ ತೆಗೆಸಿಕೊಂಡ ಮೇಲೆ ಪಿ53 ಪಾಸಿಟಿವ್ ಇದ್ದವರಿಗೆ ಕೀಮೋಥೆರಪಿ ಕೊಟ್ಟು ನೋಡಿದ ಪ್ರಯೋಗದ ಫಲಿತಾಂಶ 2011ರಲ್ಲಿ ಹೊರಬಂದಾಗ ಅದರಲ್ಲಿ ಲಾಭ ಕಾಣಿಸಲಿಲ್ಲ. ಗಡ್ಡೆಯ ದರ್ಜೆ, ಆಳ ಮತ್ತು ಜೊತೆಯಲ್ಲಿ ಕಾರ್ಸಿನೋಮಾ ಇನ್ ಸಿಟು ಇದೆಯೇ ಎಂಬ ಹಳೆಯ ಮೂರು ಸಂಗತಿಗಳೇ ಇಂದಿಗೂ ಹೆಚ್ಚಿನ ತೂಕದವು. ಪಿ53 ಬಣ್ಣದ ಒಂದು ಸಾಲನ್ನು ಓದಿ ಮನೆಮಂದಿಯೆಲ್ಲ ಎದೆಗುಂದುವ ಅಗತ್ಯವಿಲ್ಲ.

ಕೆಡಿಎಂ6ಎ, ಆರಿಡ್1ಎ, ಸ್ಟ್ಯಾಗ್2 ಎಂಬ ಹೊಸ ಹೆಸರುಗಳು ಯಾವುವು?

ಡಿಎನ್‌ಎ ಸುರುಳಿ ಸುತ್ತಿಕೊಂಡಿರುವ ರೀತಿಯನ್ನು, ಅಂದರೆ ಕ್ರೊಮ್ಯಾಟಿನ್ನನ್ನು, ನಿರ್ವಹಿಸುವ ಜೀನ್‌ಗಳು ಮೂತ್ರಕೋಶದ ಕ್ಯಾನ್ಸರ್‌ನಲ್ಲಿ ಕೆಡುವಷ್ಟು ಪದೇ ಪದೇ ಬೇರೆ ಅನೇಕ ಕ್ಯಾನ್ಸರ್‌ಗಳಲ್ಲಿ ಕೆಡುವುದಿಲ್ಲ. ಮೇಲಿನ 412 ಗಡ್ಡೆಗಳಲ್ಲಿ ಕೆಎಂಟಿ2ಡಿ, ಕೆಡಿಎಂ6ಎ ಮತ್ತು ಆರಿಡ್1ಎ ಒಂದೊಂದೂ ಸುಮಾರು ಕಾಲು ಭಾಗದಷ್ಟರಲ್ಲಿ ಮ್ಯುಟೇಶನ್ ಹೊಂದಿದ್ದವು. ನಕಲಾದ ಕ್ರೋಮೋಸೋಮುಗಳನ್ನು ಒಟ್ಟಿಗೆ ಹಿಡಿದಿಡುವ ಸ್ಟ್ಯಾಗ್2 ಜೀನಿನ ಪಾತ್ರವನ್ನು 2013ರಲ್ಲಿ ಹಲವು ತಂಡಗಳು ಒಟ್ಟೊಟ್ಟಿಗೆ ವರದಿ ಮಾಡಿದವು. ಅದರ ನಷ್ಟ ಸ್ನಾಯುವಿಗೆ ಇಳಿಯದ ಗಡ್ಡೆಗಳಲ್ಲಿಯೇ ಹೆಚ್ಚು.

ಕುತೂಹಲದ ಸಂಗತಿಯೆಂದರೆ, 2020ರಲ್ಲಿ ಪ್ರಕಟವಾದ ಅಧ್ಯಯನಗಳ ಪ್ರಕಾರ ಕ್ಯಾನ್ಸರ್ ಇಲ್ಲದ ಮೂತ್ರಕೋಶದ ಒಳಪದರದಲ್ಲಿಯೂ ಕ್ರೊಮ್ಯಾಟಿನ್ ಜೀನ್‌ಗಳು ಕೆಟ್ಟಿರುವ ಕೋಶಗಳ ತೇಪೆಗಳು ಇರುತ್ತವೆ, ಆದರೆ ಟಿಪಿ53 ಕೆಟ್ಟಿರುವ ತೇಪೆಗಳು ಅಪರೂಪ. ಈ ಒಂದು ವ್ಯತ್ಯಾಸವೇ ಯಾವ ನಷ್ಟವನ್ನು ಕೋಶ ತಾಳಿಕೊಳ್ಳಬಲ್ಲದು, ಯಾವುದು ಅಪಾಯದ ತಿರುವು ಎಂಬುದನ್ನು ಪಟ್ಟಿಗಳಿಗಿಂತ ಚೆನ್ನಾಗಿ ತಿಳಿಸುತ್ತದೆ.

ಗಂಡಸರಲ್ಲಿ ಈ ರೋಗ ಹೆಂಗಸರಿಗಿಂತ ಮೂರರಿಂದ ನಾಲ್ಕು ಪಟ್ಟು ಹೆಚ್ಚು. ತಂಬಾಕು ಮತ್ತು ಕಾರ್ಖಾನೆಯ ಕೆಲಸ ಇದಕ್ಕೆ ದೊಡ್ಡ ಕಾರಣಗಳಾದರೂ ಅವು ಪೂರ್ತಿ ವಿವರಣೆಯಾಗುವುದಿಲ್ಲ. ಕೆಡಿಎಂ6ಎ ಎಕ್ಸ್ ಕ್ರೋಮೋಸೋಮಿನ ಮೇಲಿದ್ದು, ನಿಷ್ಕ್ರಿಯಗೊಂಡ ಎಕ್ಸ್‌ನಿಂದಲೂ ಕೆಲಸ ಮಾಡುವ ಕೆಲವೇ ಜೀನ್‌ಗಳಲ್ಲಿ ಒಂದಾಗಿರುವುದರಿಂದ ಹೆಂಗಸರಿಗೆ ಎರಡು ಸಕ್ರಿಯ ಪ್ರತಿಗಳ ರಕ್ಷಣೆ ಇರಬಹುದೆಂಬ ವಾದವಿದೆ. ವೈ ಕ್ರೋಮೋಸೋಮನ್ನು ಕಳೆದುಕೊಂಡ ಮೂತ್ರಕೋಶದ ಗಡ್ಡೆಗಳು ರೋಗನಿರೋಧಕ ಕೋಶಗಳಿಂದ ತಪ್ಪಿಸಿಕೊಳ್ಳುತ್ತವೆಂದು 2023ರ ಸಂಶೋಧನೆ ತೋರಿಸಿದೆ.

ತಂಬಾಕಿಗೂ ಈ ಜೀನ್‌ಗಳಿಗೂ ಏನು ಸಂಬಂಧ?

ಹೊಗೆಯಲ್ಲಿರುವ 4-ಅಮಿನೋಬೈಫಿನೈಲ್, 2-ನ್ಯಾಫ್ಥೈಲಮೀನ್ ಮುಂತಾದ ಆರೋಮ್ಯಾಟಿಕ್ ಅಮೀನುಗಳು ರಕ್ತಕ್ಕೆ ಸೇರಿ, ಯಕೃತ್ತಿನಲ್ಲಿ ರೂಪ ಬದಲಿಸಿ, ಮೂತ್ರದಲ್ಲಿ ಸಾಂದ್ರಗೊಂಡು ಗಂಟೆಗಟ್ಟಲೆ ಮೂತ್ರಕೋಶದ ಒಳಪದರದ ಮೇಲೆ ನಿಲ್ಲುತ್ತವೆ. ಅಲ್ಲಿ ಅವು ಡಿಎನ್‌ಎಗೆ ಅಂಟಿಕೊಂಡಾಗ ನಕಲು ತಪ್ಪುತ್ತದೆ, ತಪ್ಪು ಟಿಪಿ53ನಂತಹ ಜೀನಿನಲ್ಲಿ ಬಿದ್ದರೆ ಆ ಕೋಶಕ್ಕೆ ಮೇಲುಗೈ ಸಿಗುತ್ತದೆ. ಬೀಡಿಯ ಹೊಗೆಯೂ ತಂಬಾಕಿನ ಹೊಗೆಯೇ. ಫಿಲ್ಟರ್ ಇಲ್ಲ, ಎಲೆಯಲ್ಲಿ ಸುತ್ತಿದೆ ಎಂಬುದರಿಂದ ಅದಕ್ಕೆ ರಿಯಾಯಿತಿ ಇಲ್ಲ. ಇಂತಹ ಅಮೀನುಗಳನ್ನು ಬಳಸುತ್ತಿದ್ದ ಬಣ್ಣದ ಕಾರ್ಖಾನೆಗಳ ಕೆಲಸಗಾರರಲ್ಲಿ ಮೂತ್ರಕೋಶದ ಗಡ್ಡೆಗಳು ಹೆಚ್ಚೆಂದು ಜರ್ಮನಿಯ ಶಸ್ತ್ರವೈದ್ಯ ಲುಡ್ವಿಗ್ ರೇನ್ 1895ರಲ್ಲಿಯೇ ಗುರುತಿಸಿದ್ದರು.

ಮೂತ್ರ ಪರೀಕ್ಷೆಯಿಂದ ಈ ಬದಲಾವಣೆಗಳನ್ನು ಕಂಡುಹಿಡಿಯಬಹುದೇ?

ಕಂಡುಹಿಡಿಯಬಹುದು, ಏಕೆಂದರೆ ಗಡ್ಡೆಯ ಕೋಶಗಳು ಮೂತ್ರಕ್ಕೆ ಉದುರುತ್ತಲೇ ಇರುತ್ತವೆ. ಮೂತ್ರದ ಮಾದರಿಗಳಲ್ಲಿ ಪಿ53 ಮ್ಯುಟೇಶನ್ ಸಿಗುತ್ತದೆಂದು 1991ರಲ್ಲಿ ಅಮೆರಿಕದ ತಂಡವೊಂದು ತೋರಿಸಿತು. ಅದೇ ವಿಧಾನವನ್ನು 1994ರಲ್ಲಿ ಅಮೆರಿಕದ ಮಾಜಿ ಉಪಾಧ್ಯಕ್ಷ ಹ್ಯೂಬರ್ಟ್ ಹಂಫ್ರಿ ಅವರ ಹಳೆಯ ಮಾದರಿಗಳ ಮೇಲೆ ಪ್ರಯೋಗಿಸಲಾಯಿತು. ಹಂಫ್ರಿ ಅವರಿಗೆ 1976ರಲ್ಲಿ ಮೂತ್ರಕೋಶ ತೆಗೆಯುವ ಶಸ್ತ್ರಚಿಕಿತ್ಸೆ ನಡೆದಿತ್ತು, 1978ರ ಜನವರಿಯಲ್ಲಿ ಅವರು ಅದೇ ಕ್ಯಾನ್ಸರ್‌ನಿಂದ ತೀರಿಕೊಂಡರು. 1967ರಲ್ಲಿ, ಅವರು ಉಪಾಧ್ಯಕ್ಷರಾಗಿದ್ದಾಗ, ತೆಗೆದಿಟ್ಟಿದ್ದ ಮೂತ್ರದ ಕೋಶಗಳಲ್ಲಿಯೂ 1976ರ ಗಡ್ಡೆಯಲ್ಲಿಯೂ ಒಂದೇ ಪಿ53 ಮ್ಯುಟೇಶನ್ ಸಿಕ್ಕಿತು. ಅಂದರೆ ಶಸ್ತ್ರಚಿಕಿತ್ಸೆಗೆ ಒಂಬತ್ತು ವರ್ಷ ಮೊದಲೇ, ಅವರು ಅಧ್ಯಕ್ಷ ಚುನಾವಣೆಗೆ ನಿಲ್ಲುವುದಕ್ಕೂ ಮುಂಚೆ, ಆ ಸುಳಿವು ಗಾಜಿನ ಮೇಲೆ ಇತ್ತು. ಓದುವ ತಂತ್ರ ಮಾತ್ರ ಆಗ ಇರಲಿಲ್ಲ.

ಈಗ ಬಳಕೆಯಲ್ಲಿರುವ ಪರೀಕ್ಷೆಗಳಲ್ಲಿ ಫಿಶ್ ಎಂಬುದು ನಿಗ್ರಹಕ ಜೀನ್‌ಗಳಿಗೆ ನೇರವಾಗಿ ಸಂಬಂಧಿಸಿದ್ದು. ಮೂತ್ರದಿಂದ ಬೇರ್ಪಡಿಸಿದ ಕೋಶಗಳನ್ನು ಕತ್ತಲೆಯ ಕೋಣೆಯಲ್ಲಿ ಫ್ಲೋರೊಸೆಂಟ್ ಸೂಕ್ಷ್ಮದರ್ಶಕದಡಿ ನೋಡಿದಾಗ 3, 7 ಮತ್ತು 17ನೇ ಕ್ರೋಮೋಸೋಮುಗಳು ಕೆಂಪು, ಹಸಿರು ಮತ್ತು ತಿಳಿನೀಲಿ ಚುಕ್ಕೆಗಳಾಗಿ, ಸಿಡಿಕೆಎನ್2ಎ ಇರುವ ಜಾಗ ಹೊನ್ನಿನ ಬಣ್ಣದ ಚುಕ್ಕೆಯಾಗಿ ಹೊಳೆಯುತ್ತವೆ. ಸಹಜ ಕೋಶದಲ್ಲಿ ಪ್ರತಿ ಬಣ್ಣದ ಎರಡೆರಡು ಚುಕ್ಕೆಗಳಿರಬೇಕು. ಉಳಿದ ಬಣ್ಣಗಳಿದ್ದು ಹೊನ್ನಿನ ಚುಕ್ಕೆಗಳೆರಡೂ ಇಲ್ಲದ ಕೋಶಗಳು ಸಾಕಷ್ಟು ಸಂಖ್ಯೆಯಲ್ಲಿ ಸಿಕ್ಕರೆ ಪರೀಕ್ಷೆ ಪಾಸಿಟಿವ್. ಹೀಗಿದ್ದರೂ ಯಾವ ಮೂತ್ರ ಪರೀಕ್ಷೆಯೂ ಸಿಸ್ಟೋಸ್ಕೋಪಿಯ ಸ್ಥಾನವನ್ನು ಇನ್ನೂ ತುಂಬಿಲ್ಲ.

ಕಳೆದುಹೋದ ಜೀನನ್ನು ಮತ್ತೆ ಸೇರಿಸಿ ಗುಣಪಡಿಸಬಹುದೇ?

ಅತಿಯಾಗಿ ಕೆಲಸ ಮಾಡುವ ಪ್ರೋಟೀನನ್ನು ಔಷಧದಿಂದ ತಡೆಯಬಹುದು, ಆದರೆ ಇಲ್ಲದಿರುವುದನ್ನು ತಡೆಯಲಾಗದು. ನಿಗ್ರಹಕ ಜೀನ್‌ಗಳ ವಿಷಯದಲ್ಲಿ ಚಿಕಿತ್ಸೆ ಹಿಂದೆ ಬಿದ್ದಿರುವುದು ಇದರಿಂದಾಗಿ. ಎಫ್‌ಜಿಎಫ್‌ಆರ್3 ಎಂಬ ಆಂಕೋಜೀನನ್ನು ತಡೆಯುವ ಎರ್ಡಾಫಿಟಿನಿಬ್ ಎಂಬ ಮಾತ್ರೆಗೆ ಅಮೆರಿಕದಲ್ಲಿ 2019ರಲ್ಲಿಯೇ ಅನುಮತಿ ದೊರೆಯಿತು, ಪಿ53ಗೆ ಮಾತ್ರ ಅಂತಹ ಔಷಧ ಮೂತ್ರಕೋಶದ ಕ್ಯಾನ್ಸರ್‌ನಲ್ಲಿ ಇನ್ನೂ ಬಂದಿಲ್ಲ. 2022ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಮೂತ್ರಕೋಶದ ಜೀನ್ ಚಿಕಿತ್ಸೆಯ ಸುದ್ದಿ ಓದಿದವರು ಅದರಲ್ಲಿ ಪಿ53 ಇರಬಹುದೆಂದು ತಿಳಿಯುವುದುಂಟು. ಅದು ಒಯ್ಯುವುದು ರೋಗನಿರೋಧಕ ಕೋಶಗಳನ್ನು ಎಚ್ಚರಿಸುವ ಇಂಟರ್‌ಫೆರಾನ್ ಎಂಬ ಪ್ರೋಟೀನನ್ನು ತಯಾರಿಸುವ ಜೀನನ್ನು. ಮೂತ್ರಕೋಶದೊಳಗೆ ಹಾಕುವ ಬಿಸಿಜಿ ಔಷಧಕ್ಕೆ ಬಗ್ಗದ, ಕಾರ್ಸಿನೋಮಾ ಇನ್ ಸಿಟು ಇರುವ ರೋಗಿಗಳಿಗೆ ಅದು ಮೀಸಲು.

ಆದರೆ ಸುತ್ತುದಾರಿಗಳಿವೆ. ಟಿಎಸ್‌ಸಿ1 ಇಲ್ಲದಾಗ ಎಂಟಾರ್ ಕೆರಳುವುದರಿಂದ, ಎಂಟಾರನ್ನು ತಡೆಯುವ ಎವರೊಲಿಮಸ್ ಕೆಲಸ ಮಾಡಬೇಕು. ರೋಗ ಹರಡಿದ್ದ ರೋಗಿಯೊಬ್ಬರಲ್ಲಿ ಈ ಔಷಧದಿಂದ ಗಡ್ಡೆಗಳು ಪೂರ್ತಿ ಕರಗಿ ಎರಡು ವರ್ಷಕ್ಕೂ ಹೆಚ್ಚು ಕಾಲ ಮರಳದೆ ಇದ್ದವು. ಅವರ ಗಡ್ಡೆಯ ಜೀನೋಮನ್ನು ಓದಿದಾಗ ಟಿಎಸ್‌ಸಿ1 ಕೆಟ್ಟಿರುವುದು ತಿಳಿದು, ಅದು 2012ರಲ್ಲಿ ಪ್ರಕಟವಾಯಿತು. ಅದೇ ಪ್ರಯೋಗದ ಹೆಚ್ಚಿನ ರೋಗಿಗಳಿಗೆ ಔಷಧ ಫಲಿಸಿರಲಿಲ್ಲ ಎಂಬುದನ್ನೂ ಜೊತೆಗೇ ಹೇಳಬೇಕು. ಪಿ16 ಇಲ್ಲದ ಗಡ್ಡೆಗಳಿಗೆ ಸಿಡಿಕೆ4 ಮತ್ತು ಸಿಡಿಕೆ6 ತಡೆಯುವ ಪಾಲ್ಬೊಸಿಕ್ಲಿಬ್ ಕೊಟ್ಟು ನೋಡಿದ ಪ್ರಯೋಗ, ತರ್ಕ ಸರಿಯಿದ್ದರೂ, ನಿರಾಶೆಗೊಳಿಸಿತು.

ಹೆಚ್ಚು ಭರವಸೆ ಇರುವುದು ಡಿಎನ್‌ಎ ದುರಸ್ತಿಯ ಜೀನ್‌ಗಳ ಕಡೆ. ಇಆರ್‌ಸಿಸಿ2, ಎಟಿಎಂ ಅಥವಾ ಆರ್‌ಬಿ1 ಕೆಟ್ಟಿರುವ ಗಡ್ಡೆಗಳು ಶಸ್ತ್ರಚಿಕಿತ್ಸೆಗೆ ಮುಂಚೆ ಕೊಡುವ ಸಿಸ್‌ಪ್ಲಾಟಿನ್ ಕೀಮೋಥೆರಪಿಗೆ ಚೆನ್ನಾಗಿ ಸ್ಪಂದಿಸುತ್ತವೆಂದು 2014 ಮತ್ತು 2015ರ ಅಧ್ಯಯನಗಳು ತೋರಿಸಿವೆ. ಕೋಶವನ್ನು ಕ್ಯಾನ್ಸರಿನ ಕಡೆಗೆ ತಳ್ಳಿದ ದೋಷವೇ ಔಷಧದ ಮುಂದೆ ಅದರ ದೌರ್ಬಲ್ಯವಾಗುತ್ತದೆ. ಇಂತಹ ರೋಗಿಗಳಲ್ಲಿ ಮೂತ್ರಕೋಶವನ್ನು ತೆಗೆಯದೆ ಉಳಿಸಿಕೊಳ್ಳಬಹುದೇ ಎಂಬ ಪ್ರಯೋಗಗಳು ನಡೆದಿವೆ.

ತಂದೆಗೆ ಈ ಕ್ಯಾನ್ಸರ್ ಬಂದಿದ್ದರೆ ಮಕ್ಕಳೂ ಜೀನ್ ಪರೀಕ್ಷೆ ಮಾಡಿಸಿಕೊಳ್ಳಬೇಕೇ?

ಸಾಮಾನ್ಯವಾಗಿ ಬೇಕಿಲ್ಲ. ಇಲ್ಲಿ ಹೇಳಿದ ನಷ್ಟಗಳು ಬಹುಪಾಲು ಗಡ್ಡೆಯ ಕೋಶಗಳಲ್ಲಿ ಮಾತ್ರ, ಜೀವಿತಾವಧಿಯಲ್ಲಿ ಆದವು. ರಕ್ತದ ಮೂಲಕ ಮಕ್ಕಳಿಗೆ ಬಂದವಲ್ಲ. ತಂದೆಯ ಗಡ್ಡೆಯ ವರದಿಯಲ್ಲಿ ಟಿಪಿ53 ಎಂದಿದ್ದ ಮಾತ್ರಕ್ಕೆ ಮಕ್ಕಳಲ್ಲಿ ಅದು ಕೆಟ್ಟಿದೆ ಎಂದಲ್ಲ. ಮನೆಯಲ್ಲಿ ಎಲ್ಲರೂ ಬೀಡಿ ಸಿಗರೇಟು ಸೇದುವವರಾಗಿದ್ದರೆ ಒಂದೇ ರೋಗ ಇಬ್ಬರಿಗೆ ಬಂದುದಕ್ಕೆ ಜೀನಿಗಿಂತ ಹೊಗೆಯೇ ಸರಳವಾದ ವಿವರಣೆ.

ಎರಡು ಸಂದರ್ಭಗಳು ಬೇರೆ. ಹುಟ್ಟಿನಿಂದಲೇ ಆರ್‌ಬಿ1 ದೋಷವಿದ್ದು ಮಗುವಾಗಿದ್ದಾಗ ಕಣ್ಣಿನ ರೆಟಿನೋಬ್ಲಾಸ್ಟೋಮಾದಿಂದ ಬದುಕುಳಿದವರಿಗೆ ದೊಡ್ಡವರಾದ ಮೇಲೆ ಮೂತ್ರಕೋಶದ ಕ್ಯಾನ್ಸರ್ ಬರುವ ಸಂಭವ ಇತರರಿಗಿಂತ ಹೆಚ್ಚು. ಲಿಂಚ್ ಸಿಂಡ್ರೋಮ್ (ದೊಡ್ಡ ಕರುಳು, ಗರ್ಭಕೋಶ ಮುಂತಾದವುಗಳ ಕ್ಯಾನ್ಸರ್‌ಗೆ ವಂಶಪಾರಂಪರ್ಯವಾಗಿ ಬರುವ ಒಲವು) ಇರುವ ಕುಟುಂಬಗಳಲ್ಲಿ, ವಿಶೇಷವಾಗಿ ಎಂಎಸ್‌ಎಚ್2 ಜೀನ್ ಕೆಟ್ಟಿರುವಲ್ಲಿ, ಮೂತ್ರನಾಳ ಮತ್ತು ಮೂತ್ರಪಿಂಡದ ಒಳಪದರದ ಕ್ಯಾನ್ಸರ್ ಹೆಚ್ಚಾಗಿ, ಮೂತ್ರಕೋಶದ ಕ್ಯಾನ್ಸರ್ ಸ್ವಲ್ಪ ಮಟ್ಟಿಗೆ ಕಂಡುಬರುತ್ತದೆ. ಹತ್ತಿರದ ರಕ್ತಸಂಬಂಧಿಗಳಲ್ಲಿ ಯಾರಿಗಾದರೂ ಐವತ್ತರ ಒಳಗೆ ದೊಡ್ಡ ಕರುಳಿನ ಅಥವಾ ಗರ್ಭಕೋಶದ ಕ್ಯಾನ್ಸರ್ ಬಂದಿದ್ದರೆ, ಅದನ್ನು ಯೂರಾಲಜಿಸ್ಟರಿಗೆ ಮೊದಲ ಭೇಟಿಯಲ್ಲಿಯೇ ತಿಳಿಸಿ, ಆನುವಂಶಿಕ ಸಲಹೆಗಾರರನ್ನು ಕಾಣಬೇಕೇ ಎಂದು ಕೇಳಬೇಕು.